ಹಳೆಯ ಕಂಪ್ಯೂಟರಿಗೆ ಹೊಸ ವಿಂಡೋಸ್: ಅಪ್‌ಗ್ರೇಡ್ ಮಾಡುವುದೋ, ಫಾರ್ಮ್ಯಾಟ್ ಮಾಡಿ ಹಾಕುವುದೋ?



ವಾರ್ಷಿಕ ವರದಿಯ ಈ ಭಾಗದಲ್ಲಿ ಸಾಮಾನ್ಯವಾಗಿ ಶುಲ್ಕ, ಪುಸ್ತಕ, ಹಾಸ್ಟೆಲ್ ಖರ್ಚಿನ ಮಾತಿರುತ್ತದೆ. ಈ ಸಲ ಕಂಪ್ಯೂಟರಿನ ವಿಷಯ ಬರೆಯಬೇಕಾಗಿದೆ. 2015ರ ಜುಲೈನಲ್ಲಿ ಬಂದ ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್ ಕಂಪನಿ 2025ರ ಅಕ್ಟೋಬರ್ 14ರಂದು ಬೆಂಬಲ ನಿಲ್ಲಿಸಿತು. ಅಂದಿನಿಂದ ಪೋಷಕರು ಕೇಳುವ ಪ್ರಶ್ನೆ ಒಂದೇ: “ಕಂಪ್ಯೂಟರ್ ಕೆಟ್ಟುಹೋಯಿತಾ? ಹೊಸದು ತಗೋಬೇಕಾ?” ದಾನಿಗಳ ಪ್ರಶ್ನೆ ಬೇರೆ: “ಆಫೀಸಿನಲ್ಲಿ ಹಳೆಯ ಯಂತ್ರಗಳಿವೆ, ಮಕ್ಕಳಿಗೆ ಉಪಯೋಗಕ್ಕೆ ಬರುತ್ತವಾ?” ಎರಡಕ್ಕೂ ಸೇರಿಸಿ ಇಲ್ಲಿ ಉತ್ತರ.

ಕಂಪ್ಯೂಟರ್ ಕೆಟ್ಟಿಲ್ಲ. ಬೆಂಬಲ ನಿಂತಿತು ಎಂದರೆ ಯಂತ್ರ ನಿಂತಿತು ಎಂದಲ್ಲ. ವೈರಸ್, ವಂಚಕರು ನುಸುಳುವ ಬಿರುಕುಗಳನ್ನು ಮುಚ್ಚುವ ಉಚಿತ ಅಪ್‌ಡೇಟ್‌ಗಳು ಬರುವುದು ನಿಂತಿತು, ಅಷ್ಟೆ. ಆದರೆ ಅದೇ ಯಂತ್ರದಲ್ಲಿ ಮಗ ಅಥವಾ ಮಗಳು ಎಸ್‌ಎಸ್‌ಪಿ ಪೋರ್ಟಲ್ಲಿಗೆ ಲಾಗಿನ್ ಆಗುತ್ತಾರೆ, ಆಧಾರ್ ಪ್ರತಿ ಇಡುತ್ತಾರೆ, ತಂದೆಯ ಬ್ಯಾಂಕ್ ಖಾತೆ ತೆರೆಯುತ್ತಾರೆ. ಹಾಗಾಗಿ “ನಡೆಯುತ್ತಿದೆಯಲ್ಲ, ಇರಲಿ” ಎಂದು ಬಿಡುವುದೂ ಸರಿಯಲ್ಲ.

ದಾರಿ ಎರಡು. ಒಂದು ಅಪ್‌ಗ್ರೇಡ್: ಇರುವ ವಿಂಡೋಸ್ ಮೇಲೆಯೇ ಹೊಸದನ್ನು ಏರಿಸುವುದು. ಫೈಲು, ಪ್ರೋಗ್ರಾಂ, ಸೆಟ್ಟಿಂಗ್ ಎಲ್ಲ ಇದ್ದಲ್ಲೇ ಇರುತ್ತವೆ. ಇನ್ನೊಂದು ಹೊಸದಾಗಿ ಇನ್‌ಸ್ಟಾಲ್ ಮಾಡುವುದು, ಅಂಗಡಿಯವರ ಮಾತಿನಲ್ಲಿ “ಫಾರ್ಮ್ಯಾಟ್ ಹೊಡೆಯುವುದು”. ಮೊದಲನೆಯದು ಸಂಸಾರ ಒಳಗಿರುವಾಗಲೇ ಮನೆ ರಿಪೇರಿ ಮಾಡಿಸಿದ ಹಾಗೆ. ಎರಡನೆಯದು ಸಾಮಾನೆಲ್ಲ ಹೊರಗಿಟ್ಟು ಸುಣ್ಣ ಬಳಿದ ಹಾಗೆ. ಮನೆ ಚೊಕ್ಕಟವಾಗುತ್ತದೆ ನಿಜ, ಆದರೆ ಹೊರಗಿಡಲು ಮರೆತ ಸಾಮಾನು ಮತ್ತೆ ಸಿಗುವುದಿಲ್ಲ.

ಎರಡರ ಮೊದಲು ತಿಳಿಯಬೇಕಾದದ್ದು, ಆ ಯಂತ್ರ ವಿಂಡೋಸ್ 11ನ್ನು ಹೊರಬಲ್ಲುದೇ ಎಂದು. ಕಂಪನಿ ಕೇಳುವುದು 4 ಜಿಬಿ ರ‍್ಯಾಮ್, 64 ಜಿಬಿ ಜಾಗ, ಟಿಪಿಎಂ 2.0 ಎಂಬ ಭದ್ರತಾ ಭಾಗ, ಸೆಕ್ಯೂರ್ ಬೂಟ್ ಮತ್ತು ಪಟ್ಟಿಯಲ್ಲಿರುವ ಪ್ರೊಸೆಸರ್. ಹಳೆಯ ಯಂತ್ರಗಳು ಎಡವುವುದು ಸಾಮಾನ್ಯವಾಗಿ ಕೊನೆಯದರಲ್ಲಿ. ಇಂಟೆಲ್ ಆದರೆ ಎಂಟನೇ ತಲೆಮಾರಿನದು ಅಥವಾ ಅದರ ನಂತರದ್ದು ಬೇಕು. ಅದನ್ನು ಹೆಸರಿನಲ್ಲೇ ಓದಬಹುದು: ಐ5-6500 ಎಂದಿದ್ದರೆ ಆರನೇ ತಲೆಮಾರು, ಆಗದು, ಐ5-8400 ಎಂದಿದ್ದರೆ ಎಂಟನೆಯದು, ಆಗುತ್ತದೆ. ಮೈಕ್ರೋಸಾಫ್ಟಿನದೇ ಪಿಸಿ ಹೆಲ್ತ್ ಚೆಕ್ ಎಂಬ ಉಚಿತ ಪ್ರೋಗ್ರಾಂ ಇದನ್ನೆಲ್ಲ ಒಂದೇ ಕ್ಲಿಕ್ಕಿನಲ್ಲಿ ಹೇಳುತ್ತದೆ. ಕೆಲವೊಮ್ಮೆ ಟಿಪಿಎಂ ಇದ್ದರೂ ಬಯೋಸ್‌ನಲ್ಲಿ ಆಫ್ ಆಗಿರುತ್ತದೆ. ಅದನ್ನು ಆನ್ ಮಾಡಿಸಿದರೆ ಸಾಕು, ಅದಕ್ಕಾಗಿ ಹೊಸ ಮದರ್‌ಬೋರ್ಡ್ ಬೇಕೆಂದು ಯಾರಾದರೂ ಹೇಳಿದರೆ ಇನ್ನೊಂದು ಅಂಗಡಿಯಲ್ಲಿ ಕೇಳಿ.

ಈಗ ಆಯ್ಕೆಗೆ ಬರೋಣ. ಮಗು ದಿನವೂ ಬಳಸುವ, ಚೆನ್ನಾಗಿ ನಡೆಯುತ್ತಿರುವ ವಿಂಡೋಸ್ 10 ಯಂತ್ರ ನಿಮ್ಮಲ್ಲಿದ್ದರೆ ನಮ್ಮ ಸಲಹೆ ಅಪ್‌ಗ್ರೇಡ್. ಅಸಲಿ ಲೈಸೆನ್ಸ್ ಇದ್ದವರಿಗೆ ಅದು ಉಚಿತ, ಬರುವುದೂ ವಿಂಡೋಸ್ ಅಪ್‌ಡೇಟ್ ಮೂಲಕವೇ. ಹಳೆಯ ವಿಂಡೋಸ್ 10 ದಿನಗಳವರೆಗೆ ವಿಂಡೋಸ್.ಓಲ್ಡ್ ಎಂಬ ಫೋಲ್ಡರಿನಲ್ಲಿ ಉಳಿದಿರುತ್ತದೆ. ಪ್ರಿಂಟರ್ ಕೈಕೊಟ್ಟಿತು, ಯಾವುದೋ ಸಾಫ್ಟ್‌ವೇರ್ ತೆರೆಯುತ್ತಿಲ್ಲ ಎಂದಾದರೆ ಸೆಟ್ಟಿಂಗ್ಸ್‌ಗೆ ಹೋಗಿ ಹಿಂದಕ್ಕೆ ಮರಳಬಹುದು. ಆ ಹತ್ತು ದಿನ ಎಲ್ಲವನ್ನೂ ಒಮ್ಮೆ ತೆರೆದು ನೋಡಿಕೊಳ್ಳಿ, ಆಮೇಲೆ ಆ ಬಾಗಿಲು ಮುಚ್ಚುತ್ತದೆ.

ಆದರೆ ಅಪ್‌ಗ್ರೇಡ್ ಹಳೆಯ ರೋಗವನ್ನೂ ಜೊತೆಗೇ ಕರೆದೊಯ್ಯುತ್ತದೆ. ವೈರಸ್ ಹೊಕ್ಕ ಯಂತ್ರ, ಆಗಾಗ ತಾನೇ ರೀಸ್ಟಾರ್ಟ್ ಆಗುವ ಯಂತ್ರ, ಕ್ರ್ಯಾಕ್ ಮಾಡಿದ ವಿಂಡೋಸ್ ಇರುವ ಯಂತ್ರ ಇವಕ್ಕೆ ಫಾರ್ಮ್ಯಾಟೇ ಸರಿ. ವಿಂಡೋಸ್ 7ರಲ್ಲೇ ಉಳಿದವರಿಗೂ (ಅದರ ಬೆಂಬಲ 2020ರ ಜನವರಿಯಲ್ಲೇ ನಿಂತಿತು) 32 ಬಿಟ್ ವಿಂಡೋಸ್ ಇರುವವರಿಗೂ ವಿಂಡೋಸ್ 11ಕ್ಕೆ ನೇರ ಅಪ್‌ಗ್ರೇಡ್ ದಾರಿ ಇಲ್ಲ. ಯಂತ್ರ ಆಮೆಯಂತಿದೆ ಎಂಬುದಷ್ಟೇ ದೂರಾದರೆ ದೋಷ ಬಹಳ ಸಲ ವಿಂಡೋಸ್‌ದಲ್ಲ, ಹಳೆಯ ಹಾರ್ಡ್‌ಡಿಸ್ಕಿನದು. ಎಸ್.ಪಿ. ರಸ್ತೆಯಿಂದ ಒಂದು ಎಸ್‌ಎಸ್‌ಡಿ ತಂದು ಅದರ ಮೇಲೆ ಹೊಸದಾಗಿ ಇನ್‌ಸ್ಟಾಲ್ ಮಾಡಿದರೆ ಅದೇ ಯಂತ್ರ ಬೇರೆಯೇ ಆಗಿ ಕಾಣುತ್ತದೆ. ಹಳೆಯ ಡಿಸ್ಕನ್ನು ಹಾಗೇ ತೆಗೆದಿಟ್ಟರೆ ಅದೇ ನಿಮ್ಮ ಬ್ಯಾಕಪ್.

ಬ್ಯಾಕಪ್ ವಿಷಯ ಸ್ವಲ್ಪ ಬಿಡಿಸಿ ಹೇಳಬೇಕು, ಮಕ್ಕಳ ವರ್ಷದ ಕೆಲಸ ಕೈತಪ್ಪುವುದು ಇಲ್ಲಿಯೇ. “ಸಿ ಡ್ರೈವ್ ಮಾತ್ರ ಫಾರ್ಮ್ಯಾಟ್ ಮಾಡ್ತೀವಿ, ನಿಮ್ಮ ಫೈಲ್ ಏನೂ ಹೋಗಲ್ಲ” ಎಂದು ಅಂಗಡಿಯಲ್ಲಿ ಹೇಳುತ್ತಾರೆ. ಆದರೆ ಡೆಸ್ಕ್‌ಟಾಪ್, ಡಾಕ್ಯುಮೆಂಟ್ಸ್, ಡೌನ್‌ಲೋಡ್ಸ್ ಈ ಮೂರೂ ಮಾಮೂಲಿಯಾಗಿ ಇರುವುದು ಸಿ ಡ್ರೈವಿನಲ್ಲೇ. ನಾಡಕಚೇರಿಯಿಂದ ಬಂದ ಜಾತಿ ಮತ್ತು ಆದಾಯ ಪ್ರಮಾಣಪತ್ರದ ಪಿಡಿಎಫ್, ವಾಟ್ಸ್ಆಪ್‌ನಿಂದ ಇಳಿಸಿಕೊಂಡ ನೋಟ್ಸ್, ಅಂತಿಮ ವರ್ಷದ ಪ್ರಾಜೆಕ್ಟ್ ವರದಿ, ಎಲ್ಲ ಅಲ್ಲೇ. ಮೊದಲು ಇವನ್ನು ಪೆನ್‌ಡ್ರೈವಿಗೆ ಹಾಕಿ, ಆ ಪೆನ್‌ಡ್ರೈವನ್ನು ಬೇರೊಂದು ಕಂಪ್ಯೂಟರಿಗೆ ಚುಚ್ಚಿ ನಾಲ್ಕೈದು ಫೈಲು ತೆರೆದು ನೋಡಿ, ಆಮೇಲೆ ಯಂತ್ರ ಕೊಡಿ. ವಿಂಡೋಸ್ ಹಾಕಲು ಬಳಸುವ ಪೆನ್‌ಡ್ರೈವ್ ಬೇರೆಯೇ ಇರಲಿ, ಅದನ್ನು ತಯಾರಿಸುವಾಗ ಒಳಗಿದ್ದದ್ದೆಲ್ಲ ಅಳಿದುಹೋಗುತ್ತದೆ. ಬ್ರೌಸರಿನಲ್ಲಿ ಸೇವ್ ಆಗಿರುವ ಪಾಸ್‌ವರ್ಡ್‌ಗಳನ್ನೂ ಬರೆದುಕೊಳ್ಳಿ, ಮುಖ್ಯವಾಗಿ ಎಸ್‌ಎಸ್‌ಪಿ ಮತ್ತು ರಾಷ್ಟ್ರೀಯ ವಿದ್ಯಾರ್ಥಿವೇತನ ಪೋರ್ಟಲಿನವು.

ಅಂಗಡಿ ಲೆಕ್ಕಕ್ಕೆ ಟ್ಯಾಲಿ ಬಳಸುವ ಮನೆಗಳಲ್ಲಿ ಇನ್ನೂ ಒಂದು ಕೆಲಸ ಇದೆ. ಟ್ಯಾಲಿ ಒಳಗಿನಿಂದಲೇ ಬ್ಯಾಕಪ್ ತೆಗೆದು, ಲೈಸೆನ್ಸನ್ನು ಸರೆಂಡರ್ ಮಾಡಿ, ಆಮೇಲೆ ಫಾರ್ಮ್ಯಾಟ್. ನುಡಿ ಅಥವಾ ಬರಹದಲ್ಲಿ ಟೈಪ್ ಮಾಡಿದ ಹಳೆಯ ಕಡತಗಳು ಫಾರ್ಮ್ಯಾಟ್ ಆದ ಮೇಲೆ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳಾಗಿ ಕಂಡರೆ ಗಾಬರಿ ಬೇಡ. ಕಡತ ಹಾಳಾಗಿಲ್ಲ, ಯೂನಿಕೋಡ್‌ಗಿಂತ ಹಿಂದಿನ ಆ ಫಾಂಟ್ ಹೋಗಿದೆ. ಕನ್ನಡ ಗಣಕ ಪರಿಷತ್ತು ಸಿದ್ಧಪಡಿಸಿದ ನುಡಿಯನ್ನು ಮತ್ತೆ ಹಾಕಿದರೆ ಅಕ್ಷರ ಮರಳುತ್ತದೆ. ಉರ್ದುವಿನಲ್ಲಿ ಮದುವೆ ಪತ್ರಿಕೆ, ಮದ್ರಸದ ಪ್ರಶ್ನೆಪತ್ರಿಕೆ ಮಾಡಿಟ್ಟವರ ಇನ್‌ಪೇಜ್ ಕಡತಗಳದೂ ಇದೇ ಕಥೆ, ಅವುಗಳಿಗೆ ಇನ್‌ಪೇಜ್ ಬೇಕು. ಫಾರ್ಮ್ಯಾಟಿಗೆ ಮುಂಚೆ ಅವೆಲ್ಲವನ್ನೂ ಒಂದೊಂದು ಪಿಡಿಎಫ್ ಮಾಡಿಟ್ಟುಕೊಂಡರೆ ಎಷ್ಟೋ ನಿರಾಳ.

ದಾನಿಗಳು ಕೊಡುವ ಯಂತ್ರಗಳ ಲೆಕ್ಕವೇ ಬೇರೆ. ಅಲ್ಲಿ ಅಪ್‌ಗ್ರೇಡ್ ಮಾತೇ ಬೇಡ, ಹೊಸದಾಗಿಯೇ ಇನ್‌ಸ್ಟಾಲ್ ಆಗಬೇಕು. ನಿಮ್ಮ ಗ್ರಾಹಕರ ಪಟ್ಟಿ, ಸಿಬ್ಬಂದಿಯ ಸಂಬಳದ ವಿವರ, ಮನೆಯವರ ಫೋಟೊ ಇವು ಅಮಾನತ್ತು. ಅಪರಿಚಿತ ಮನೆಗೆ ಹೋಗಬಾರದು. ಬರಿಯ ಡಿಲೀಟ್ ಅಥವಾ ಕ್ವಿಕ್ ಫಾರ್ಮ್ಯಾಟ್ ಸಾಲದು. ಅದು ಪುಸ್ತಕದ ಪರಿವಿಡಿ ಹರಿದಂತೆ, ಪುಟಗಳು ಒಳಗೇ ಇರುತ್ತವೆ. ವಿಂಡೋಸ್‌ನ ‘ರೀಸೆಟ್ ದಿಸ್ ಪಿಸಿ’ಯಲ್ಲಿ ಎಲ್ಲವನ್ನೂ ತೆಗೆಯುವ ಆಯ್ಕೆಯ ಜೊತೆ ಡ್ರೈವ್ ಶುಚಿಗೊಳಿಸುವ ಆಯ್ಕೆಯೂ ಇದೆ. ಸಮಯ ಹಿಡಿಯುತ್ತದೆ, ರಾತ್ರಿ ಹಚ್ಚಿಟ್ಟು ಬೆಳಿಗ್ಗೆ ನೋಡಿ. ಡಿಜಿಟಲ್ ಲೈಸೆನ್ಸ್ ಆ ಯಂತ್ರಕ್ಕೇ ಅಂಟಿಕೊಂಡಿರುವುದರಿಂದ ಅದೇ ಆವೃತ್ತಿಯನ್ನು ಮತ್ತೆ ಹಾಕಿದಾಗ ಇಂಟರ್ನೆಟ್ ಸಿಕ್ಕೊಡನೆ ತಾನೇ ಆಕ್ಟಿವೇಟ್ ಆಗುತ್ತದೆ. ಕ್ರ್ಯಾಕ್ ಮಾಡಿದ ವಿಂಡೋಸ್ ಹಾಕಿಸಿ ಕೊಡಬೇಡಿ. ಸದಖಾ ಎಂದು ಕೊಡುವ ವಸ್ತುವಿನೊಳಗೆ ಕದ್ದ ಮಾಲು ಯಾಕೆ?

ಇನ್ನು ಉಳಿದದ್ದು ವಿಂಡೋಸ್ 11 ಹೊರಲಾರದ ಯಂತ್ರಗಳು. ಅವುಗಳನ್ನು ಗುಜರಿಗೆ ಹಾಕಲು ಆತುರ ಬೇಡ. ವಿಂಡೋಸ್ 10ರ 22ಎಚ್2 ಆವೃತ್ತಿ ಇದ್ದರೆ ಮೈಕ್ರೋಸಾಫ್ಟ್ 2026ರ ಅಕ್ಟೋಬರ್ 13ರವರೆಗೆ ಹೆಚ್ಚುವರಿ ಭದ್ರತಾ ಅಪ್‌ಡೇಟ್ ಕೊಡುವುದಾಗಿ ಘೋಷಿಸಿದೆ. ಮೈಕ್ರೋಸಾಫ್ಟ್ ಖಾತೆಗೆ ಸೆಟ್ಟಿಂಗ್ಸ್ ಬ್ಯಾಕಪ್ ಮಾಡಿದರೆ ಹಣ ಕೊಡಬೇಕಿಲ್ಲ. ಪರೀಕ್ಷೆಯ ವರ್ಷದ ಮಗುವಿಗೆ ಈ ಗಡುವು ಅನುಕೂಲ. ಅದರಾಚೆಗೆ ಲಿನಕ್ಸ್. ಲಿನಕ್ಸ್ ಮಿಂಟ್ 22ಕ್ಕೆ 2 ಜಿಬಿ ರ‍್ಯಾಮ್ ಸಾಕು, 4 ಇದ್ದರೆ ಹಿತ, 2029ರವರೆಗೆ ಬೆಂಬಲವಿದೆ. ಇನ್‌ಸ್ಟಾಲ್ ಮಾಡದೆಯೇ ಪೆನ್‌ಡ್ರೈವಿನಿಂದ ಚಲಾಯಿಸಿ ನೋಡಬಹುದು, ಕನ್ನಡ ಮತ್ತು ಉರ್ದು ಎರಡನ್ನೂ ಟೈಪ್ ಮಾಡಬಹುದು. ಟ್ಯಾಲಿ ಕಲಿಯುವ ಬಿ.ಕಾಂ. ವಿದ್ಯಾರ್ಥಿಗೆ ಮಾತ್ರ ಇದು ಹೊಂದುವುದಿಲ್ಲ ಎಂದು ಮೊದಲೇ ಹೇಳಿಬಿಡುವುದು ಒಳ್ಳೆಯದು. “ಬಡವರ ಮಕ್ಕಳಿಗೆ ಲಿನಕ್ಸ್ ಕೊಟ್ಟು ಕೈತೊಳೆದುಕೊಳ್ಳುತ್ತೀರಾ” ಎಂದು ಕೇಳುವವರಿದ್ದಾರೆ. ಕೇರಳದ ಸರ್ಕಾರಿ ಶಾಲೆಗಳಲ್ಲಿ ಮಕ್ಕಳು ಕಲಿಯುವುದು ಇದರ ಮೇಲೆಯೇ. ನಮ್ಮ ಬೆಂಗಳೂರಿನಲ್ಲೇ ಬನ್ನೇರುಘಟ್ಟ ರಸ್ತೆಯ ಸುದರ್ಶನ ಲೇಔಟ್ ಕೊಳೆಗೇರಿಯಲ್ಲಿ ಮುಕ್ತ ತಂತ್ರಾಂಶದ ಸ್ವಯಂಸೇವಕರು ಅಂಬೇಡ್ಕರ್ ಸಮುದಾಯ ಕಂಪ್ಯೂಟಿಂಗ್ ಕೇಂದ್ರ ಕಟ್ಟಿದಾಗ ಅಲ್ಲಿಗೆ ಬಂದದ್ದು ದಾನದ ಹಳೆಯ ಕಂಪ್ಯೂಟರುಗಳು, ಹಾಕಿದ್ದು ಲಿನಕ್ಸ್. ಅಲ್ಲಿನ ಮಕ್ಕಳು ಅದರ ಮೇಲೆ ಚಿತ್ರ ಬರೆದರು, ಪಾಠ ಕಲಿತರು.

ಒಂದು ಎಚ್ಚರಿಕೆ ಉಳಿದಿದೆ. ವಿಂಡೋಸ್ 11ರ 24ಎಚ್2 ಆವೃತ್ತಿಯನ್ನು ಹೊಸದಾಗಿ ಹಾಕಿ ಮೈಕ್ರೋಸಾಫ್ಟ್ ಖಾತೆಯಿಂದ ಒಳಹೊಕ್ಕರೆ ಡಿಸ್ಕ್ ತಾನಾಗಿ ಬೀಗ ಹಾಕಿಕೊಳ್ಳಬಹುದು. ಅದರ 48 ಅಂಕಿಗಳ ಕೀಲಿ ಆ ಖಾತೆಯಲ್ಲಿ ಉಳಿಯುತ್ತದೆ. ಅಂಗಡಿಯ ಹುಡುಗ ತನ್ನ ಇಮೇಲ್ ಹಾಕಿ ಸಿದ್ಧಪಡಿಸಿಕೊಟ್ಟರೆ ನಿಮ್ಮ ಮನೆಯ ಬೀಗದ ಕೈ ಅವನ ಜೇಬಿನಲ್ಲಿ ಎಂದರ್ಥ. ಖಾತೆ ಮನೆಯವರದೇ ಇರಲಿ, ಕೀಲಿಯನ್ನು ಕಾಗದದಲ್ಲಿ ಬರೆದು ಮಾರ್ಕ್ಸ್‌ಕಾರ್ಡಿನ ಫೈಲಿನಲ್ಲಿಡಿ.

ವಿದ್ಯಾರ್ಥಿವೇತನದ ಅರ್ಜಿಯೊಂದಿಗೆ ಕಂಪ್ಯೂಟರ್ ನೆರವು ಕೇಳುವವರು, ಮನೆಯಲ್ಲಿ ಯಂತ್ರವಿದ್ದರೆ, ಅದರ ಪ್ರೊಸೆಸರ್ ಹೆಸರು, ರ‍್ಯಾಮ್ ಎಷ್ಟು, ಹಾರ್ಡ್‌ಡಿಸ್ಕೋ ಎಸ್‌ಎಸ್‌ಡಿಯೋ ಎಂಬುದನ್ನು ಬಿಳಿ ಹಾಳೆಯಲ್ಲಿ ಬರೆದು ಲಗತ್ತಿಸಿ. ಮೊದಲೆರಡು ವಿಷಯ ಸೆಟ್ಟಿಂಗ್ಸ್‌ನ ಅಬೌಟ್ ಪುಟದಲ್ಲಿ ಸಿಗುತ್ತವೆ, ಮೂರನೆಯದು ಟಾಸ್ಕ್ ಮ್ಯಾನೇಜರಿನಲ್ಲಿ. ಎಸ್‌ಎಸ್‌ಡಿಯಿಂದ ಕೆಲಸ ಆಗುವಲ್ಲಿ ಹೊಸ ಕಂಪ್ಯೂಟರಿನ ಹಣ ಖರ್ಚಾಗದಿದ್ದರೆ ಅದು ಇನ್ನೊಬ್ಬ ಮಗುವಿನ ಶುಲ್ಕಕ್ಕೆ ಸಿಗುತ್ತದೆ. ಎಸ್‌ಎಸ್‌ಎಲ್‌ಸಿ, ಪಿಯುಸಿ ಪರೀಕ್ಷೆ ಅಥವಾ ಪ್ರಾಜೆಕ್ಟ್ ಸಲ್ಲಿಕೆಗೆ ತಿಂಗಳೊಳಗೆ ಸಮಯವಿರುವ ಮಕ್ಕಳ ಯಂತ್ರ ಮಾತ್ರ ಈಗ ತರಬೇಡಿ, ಅದು ಮುಗಿದ ಮೇಲೆ ತನ್ನಿ.