ಲಾಂಚಿನ ಗದ್ದಲ, ಮೆಜೆಸ್ಟಿಕ್ಕಿನ ಗದ್ದಲ

2025ರ ಜುಲೈ 14ರಂದು ಶರಾವತಿ ಹಿನ್ನೀರಿನ ಸೇತುವೆ ಉದ್ಘಾಟನೆಯಾದ ಮೇಲೆ ಸಿಗಂದೂರಿಗೆ ಬರುವ ಕಾರುಗಳು ನೀರು ದಾಟಿಸುವ ಲಾಂಚಿಗೆ ಕಾಯಬೇಕಾಗಿಲ್ಲ. ಆದರೆ ಚೌಡೇಶ್ವರಿಯ ದರ್ಶನ ಮುಗಿಸಿದ ಬೆಂಗಳೂರಿನವರು ನೀರು ನೋಡುತ್ತಾ ಊರಿನವರಿಗೆ ಹೇಳುವ ಮಾತು ಬದಲಾಗಿಲ್ಲ: ‘ನಿಮಗೇನ್ರೀ, ಸ್ವರ್ಗದಲ್ಲಿದ್ದೀರಿ. ಟೆನ್ಷನ್ ಅನ್ನೋದೇ ಇಲ್ಲ.’ ಊರಿನವರೂ ಇದನ್ನು ಅರ್ಧ ನಂಬಿದ್ದಾರೆ. ಪೇಟೆ ಎಂದರೆ ಮನಸ್ಸಿಗೆ ಕೇಡು, ಹಳ್ಳಿ ಎಂದರೆ ನೆಮ್ಮದಿ. ಈ ನಂಬಿಕೆಯಿಂದ ಎರಡೂ ಕಡೆಯವರಿಗೆ ನಷ್ಟವಾಗುತ್ತಿದೆ.

ತಪ್ಪು ಕಲ್ಪನೆ: ಹಳ್ಳಿಯವರಿಗೆ ಮನಸ್ಸಿನ ಕಾಯಿಲೆ ಬರುವುದಿಲ್ಲ

ಬೆಂಗಳೂರಿನ ನಿಮ್ಹಾನ್ಸ್ 2015-16ರಲ್ಲಿ 12 ರಾಜ್ಯಗಳಲ್ಲಿ ರಾಷ್ಟ್ರೀಯ ಮಾನಸಿಕ ಆರೋಗ್ಯ ಸಮೀಕ್ಷೆ ನಡೆಸಿತು. ಮಹಾನಗರಗಳಲ್ಲಿ ಮಾನಸಿಕ ತೊಂದರೆ ಇದ್ದವರ ಪ್ರಮಾಣ ಶೇ 14ಕ್ಕಿಂತ ಹೆಚ್ಚಿತ್ತು, ನಿಜ. ಆದರೆ ಹಳ್ಳಿಗಳಲ್ಲೂ ಅದು ಶೇ 9ನ್ನು ದಾಟಿತ್ತು. ಸಣ್ಣ ಪಟ್ಟಣಗಳ ಅಂಕಿ ಹಳ್ಳಿಯದಕ್ಕೆ ಹೆಚ್ಚುಕಡಿಮೆ ಸಮವಾಗಿತ್ತು.

ಮಲೆನಾಡನ್ನು ಬಲ್ಲವರಿಗೆ ಇದರಲ್ಲಿ ಆಶ್ಚರ್ಯವಿಲ್ಲ. ತೀರ್ಥಹಳ್ಳಿ, ಹೊಸನಗರದ ಕಡೆ ಅಡಿಕೆ ತೋಟಕ್ಕೆ ಎಲೆಚುಕ್ಕೆ ರೋಗ ಬಿದ್ದ ಮೇಲೆ ಬೆಳೆಗಾರನ ರಾತ್ರಿಗಳು ಹೇಗಿವೆ ಎಂದು ಅವನ ಮನೆಯವರನ್ನು ಕೇಳಬೇಕು. 2019ರಲ್ಲಿ ಸಾಗರ ತಾಲ್ಲೂಕಿನ ಅರಳಗೋಡಿನ ಸುತ್ತ ಉಣುಗಿನಿಂದ ಹರಡುವ ಮಂಗನ ಕಾಯಿಲೆ ಹಬ್ಬಿತ್ತು. ಮೈಗೆ ಡಿಎಂಪಿ ಎಣ್ಣೆ ಹಚ್ಚಿಕೊಂಡು, ಎಲ್ಲಿ ಉಣುಗು ಹತ್ತುತ್ತದೋ ಎಂಬ ಭಯದಲ್ಲೇ ಸೊಪ್ಪು-ದರಗಿಗೆ ಕಾಡಿಗೆ ಹೋಗುವ ಹೆಂಗಸಿಗೆ ಆ ಹಸಿರು ಕೊಡುವುದು ನೆಮ್ಮದಿಯಲ್ಲ. ಪ್ರವಾಸಿಗರು ನೋಡುವ ಕಾಡೂ ಆಕೆ ಹೊಕ್ಕು ಬರುವ ಕಾಡೂ ಒಂದೇ, ಅನುಭವ ಬೇರೆ.

ತಪ್ಪು ಕಲ್ಪನೆ: ಯಾರೋ ಫೋನಿನಲ್ಲಿ ಒತ್ತಿದ ಉತ್ತರ ವಿಜ್ಞಾನವಲ್ಲ

ಪರಿಸರಕ್ಕೂ ಭಾವನೆಗೂ ಇರುವ ನಂಟನ್ನು ಪ್ರಯೋಗಾಲಯದಲ್ಲಿ ಅಳೆಯುವುದು ಕಷ್ಟ. ‘ಹೋದ ವಾರ ಹೇಗಿದ್ದಿರಿ?’ ಎಂದು ಕೇಳಿದರೆ ನೆನಪು ಕೈಕೊಡುತ್ತದೆ. ಬೆಳಿಗ್ಗೆ ಒಂದು ಜಗಳವಾಗಿದ್ದರೆ ವಾರವಿಡೀ ಕೆಟ್ಟದ್ದಾಗಿ ಕಾಣುತ್ತದೆ. ಅದಕ್ಕಾಗಿ ಆ ಕ್ಷಣದಲ್ಲೇ ಕೇಳುವ ವಿಧಾನ ಬಂತು. ಲಂಡನ್ ಸ್ಕೂಲ್ ಆಫ್ ಎಕನಾಮಿಕ್ಸ್‌ನವರು 2010ರಲ್ಲಿ ಆರಂಭಿಸಿದ ‘ಮ್ಯಾಪಿನೆಸ್’ ಆ್ಯಪ್‌ಗೆ 20 ಸಾವಿರಕ್ಕೂ ಹೆಚ್ಚು ಜನ 10 ಲಕ್ಷಕ್ಕೂ ಹೆಚ್ಚು ಉತ್ತರ ಕೊಟ್ಟರು. ಆಮೇಲೆ ಲಂಡನ್ನಿನ ಕಿಂಗ್ಸ್ ಕಾಲೇಜಿನ ‘ಅರ್ಬನ್ ಮೈಂಡ್’ ಬಂತು. ಅದರಲ್ಲಿ ಎರಡು ವಾರ ದಿನಕ್ಕೆ ಮೂರು ಸಲ ಫೋನು ಕರೆಗಂಟೆ ಬಾರಿಸಿ ಕೇಳುತ್ತದೆ: ಈಗ ಮರ ಕಾಣುತ್ತಿದೆಯೇ? ಆಕಾಶ? ಹಕ್ಕಿಯ ದನಿ ಕೇಳುತ್ತಿದೆಯೇ? ನೀರು? ಮನಸ್ಸು ಹೇಗಿದೆ?

ಒಬ್ಬನ ಉತ್ತರವನ್ನು ಇನ್ನೊಬ್ಬನದಕ್ಕೆ ಮಾತ್ರ ಹೋಲಿಸಿದರೆ ಶ್ರೀಮಂತರ ಬಡಾವಣೆಯಲ್ಲಿ ಮರವೂ ಹೆಚ್ಚು, ಸುಖವೂ ಹೆಚ್ಚು ಎಂಬ ಗೊಂದಲ ಉಳಿಯುತ್ತದೆ. ಇಲ್ಲಿ ಅದೇ ವ್ಯಕ್ತಿ ಮರ ಕಂಡಾಗ ಹೇಗಿದ್ದ, ಕಾಣದಿದ್ದಾಗ ಹೇಗಿದ್ದ ಎಂದು ಹೋಲಿಸಬಹುದು. ಈ ವಿಧಾನದ ಬಲ ಇರುವುದೇ ಇಲ್ಲಿ. ಮಿತಿಯೂ ಇದೆ: ತಾವಾಗಿ ಬಂದು ಸೇರಿದವರ ಉತ್ತರ ಇದು, ಇಡೀ ಜನಸಂಖ್ಯೆಯದಲ್ಲ.

ತಪ್ಪು ಕಲ್ಪನೆ: ಪ್ರಕೃತಿ ಬೇಕಾದರೆ ಘಟ್ಟ ಹತ್ತಲೇಬೇಕು

2018ರಿಂದ 2021ರವರೆಗೆ ಅರ್ಬನ್ ಮೈಂಡ್‌ನಲ್ಲಿ 1,292 ಜನ ಕೊಟ್ಟ ಸುಮಾರು 27 ಸಾವಿರ ಉತ್ತರಗಳನ್ನು ಜಾಲಾಡಿದಾಗ, ಹಕ್ಕಿ ಕಂಡ ಅಥವಾ ಕೂಗು ಕೇಳಿದ ಹೊತ್ತಿನಲ್ಲಿ ಮನಸ್ಸು ಹಗುರವಾಗಿದ್ದದ್ದು ತಿಳಿಯಿತು. ಅದರ ಪರಿಣಾಮ ಎಂಟು ಗಂಟೆಯವರೆಗೂ ಉಳಿದಿತ್ತು. ಸುತ್ತ ಮರ, ನೀರು ಇದ್ದದ್ದಷ್ಟೇ ಇದಕ್ಕೆ ಕಾರಣವಲ್ಲ ಎಂಬುದನ್ನೂ ಲೆಕ್ಕ ಹಾಕಿ ನೋಡಿದ್ದರು. ಖಿನ್ನತೆ ಇದ್ದವರಲ್ಲೂ ಹೀಗೆಯೇ ಆಗಿತ್ತು. ಶಿವಮೊಗ್ಗ-ತೀರ್ಥಹಳ್ಳಿ ಬಸ್ಸಿನಲ್ಲಿ ಮಳೆಗಾಲದಲ್ಲಿ ಮಂಡಗದ್ದೆ ದಾಟುವವರು ತುಂಗೆಯ ನಡುಗಡ್ಡೆಯ ಮರಗಳ ಮೇಲೆ ಬೆಳ್ಳಕ್ಕಿಗಳನ್ನು ಕಿಟಕಿಯಿಂದಲೇ ನೋಡುತ್ತಾರೆ. ಬೆಂಗಳೂರಿನ ಬಸವನಗುಡಿಯ ರಸ್ತೆಬದಿಯ ಮರದಲ್ಲಿ ಕುಟ್ರುಹಕ್ಕಿ ಕೂಗಿದರೂ ಸಾಕಾಗಬಹುದು ಎನಿಸುತ್ತದೆ, ಅರ್ಬನ್ ಮೈಂಡ್‌ನ ಈ ಅಧ್ಯಯನ ಓದಿದರೆ. ಮೈಸೂರಿನ ಪಕ್ಷಿಪ್ರಿಯರು 2014ರಿಂದ 2016ರವರೆಗೆ ತಮ್ಮ ನಗರವನ್ನು ಚೌಕಗಳಾಗಿ ಹಂಚಿಕೊಂಡು ಹಕ್ಕಿಗಳ ನಕ್ಷೆ ಮಾಡಿದ್ದನ್ನು ನೋಡಿದರೆ ಪೇಟೆಯಲ್ಲಿ ಹಕ್ಕಿಗೆ ಬರವಿಲ್ಲವೆಂದು ತಿಳಿಯುತ್ತದೆ.

ರಸ್ತೆಬದಿಯ ಮರದ ಬೆಲೆಯನ್ನು ಪರಿಸರ ವಿಜ್ಞಾನಿ ಹರಿಣಿ ನಾಗೇಂದ್ರ ಮತ್ತು ಸಂಗಡಿಗರು ಬೆಂಗಳೂರಿನಲ್ಲೇ ಅಳೆದಿದ್ದಾರೆ. 2013ರಲ್ಲಿ ಪ್ರಕಟವಾದ ಆ ಅಧ್ಯಯನದ ಪ್ರಕಾರ ಮರವಿದ್ದ ರಸ್ತೆಯಲ್ಲಿ ಗಾಳಿಯ ಉಷ್ಣತೆ 5.6 ಡಿಗ್ರಿಯವರೆಗೆ ಕಡಿಮೆ, ಡಾಂಬರಿನದು 27.5 ಡಿಗ್ರಿಯವರೆಗೆ ಕಡಿಮೆ. ಮೆಟ್ರೊಗೆ, ಮೇಲ್ಸೇತುವೆಗೆ ಮರ ಕಡಿಯುವಾಗ ‘ಊರ ಹೊರಗೆ ಹತ್ತು ಸಸಿ ನೆಡುತ್ತೇವೆ’ ಎನ್ನುವ ಸಮಾಧಾನವನ್ನು ನಾನು ಒಪ್ಪುವುದಿಲ್ಲ. ದಿನವೂ ಆ ಫುಟ್‌ಪಾತಿನಲ್ಲಿ ನಡೆಯುವವಳಿಗೆ ಊರ ಹೊರಗಿನ ಸಸಿ ನೆರಳು ಕೊಡುವುದಿಲ್ಲ.

ತಪ್ಪು ಕಲ್ಪನೆ: ಪೇಟೆಯ ಜನಜಂಗುಳಿಯೇ ಎಲ್ಲಕ್ಕೂ ಕಾರಣ

ಇದರಲ್ಲಿ ಅರ್ಧ ಸತ್ಯವಿದೆ. ಅರ್ಬನ್ ಮೈಂಡ್‌ನ ಇನ್ನೊಂದು ಅಧ್ಯಯನ 2021ರಲ್ಲಿ ಬಂತು: ನೂಕುನುಗ್ಗಲು ಎನಿಸಿದಾಗ ಒಂಟಿತನದ ಭಾವ ಸುಮಾರು ಶೇ 40ರಷ್ಟು ಹೆಚ್ಚಿತ್ತು. ಆದರೆ ಸುತ್ತಲಿನವರು ತಮ್ಮವರೆನಿಸಿದಾಗ ಅದು ಶೇ 21ರಷ್ಟು, ಮರ, ಹಕ್ಕಿ, ಆಕಾಶ ಹತ್ತಿರವಿದ್ದಾಗ ಶೇ 28ರಷ್ಟು ಇಳಿದಿತ್ತು.

ಸಿಗಂದೂರಿನ ಕಡೆಗೆ ದಾಟಿಸುತ್ತಿದ್ದ ಹೊಳೆಬಾಗಿಲಿನ ಲಾಂಚಿನಲ್ಲಿ ಓಡಾಡಿದವರಿಗೆ ಇದು ಬೇಗ ಅರ್ಥವಾಗುತ್ತದೆ. ಬಸ್ಸು, ಜೀಪು, ಬೈಕು ತುಂಬಿ, ಅವುಗಳ ಸಂದಿಯಲ್ಲಿ ಜನ ನಿಂತು, ಕಾಲಿಡಲು ಜಾಗವಿರುತ್ತಿರಲಿಲ್ಲ. ಆದರೂ ಹಿನ್ನೀರಿನಾಚೆಯ ತುಮರಿಯವರು ಅಲ್ಲಿ ಒಂಟಿಯಾಗಿರಲಿಲ್ಲ. ‘ಏನೋ, ಅಪ್ಪಯ್ಯ ಹುಷಾರಾದ್ರಾ?’ ಎನ್ನುವ ಒಂದು ದನಿ ಇದ್ದೇ ಇರುತ್ತಿತ್ತು. ತುಮರಿಯ ಹುಡುಗ ಬೆಂಗಳೂರಿನ ಮೆಜೆಸ್ಟಿಕ್ಕಿನಲ್ಲಿ ಅಷ್ಟೇ ಜನರ ನಡುವೆ ನಿಂತರೆ ಕೇಳುವವರಿಲ್ಲ. ಇಷ್ಟಾದರೂ ಲಾಂಚೇ ಇರಲಿ ಎಂದು ಯಾರೂ ಹೇಳಬಾರದು. ಹೆರಿಗೆ ನೋವಿನಲ್ಲಿ ದಡದಲ್ಲಿ ಕಾದವರಿಗೆ ಸೇತುವೆಯೇ ನೆಮ್ಮದಿ.

ತಪ್ಪು ಕಲ್ಪನೆ: ಹಸಿರಿನಲ್ಲಿ ನಾಲ್ಕು ದಿನ ಇದ್ದರೆ ಖಿನ್ನತೆ ಗುಣವಾಗುತ್ತದೆ

ಇಲ್ಲ. ಮನಸ್ಸು ಹಗುರಾಗುವುದು ಬೇರೆ, ಕಾಯಿಲೆ ವಾಸಿಯಾಗುವುದು ಬೇರೆ. ‘ಊರಿಗೆ ಬಾ, ಎಲ್ಲ ಸರಿಹೋಗುತ್ತದೆ’ ಎಂದು ಮಗನ ಮಾತ್ರೆ ನಿಲ್ಲಿಸಬೇಡಿ. ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಯಾವ ಹೊತ್ತಿನಲ್ಲಾದರೂ ಉಚಿತವಾಗಿ ಕರೆ ಮಾಡಿ ಕನ್ನಡದಲ್ಲೇ ಮಾತಾಡಬಹುದು.

ಇನ್ನೊಂದು ಮಾತು. ಈ ಆ್ಯಪ್‌ಗಳಿಗೆ ಉತ್ತರಿಸಿದವರಲ್ಲಿ ಬಹುಪಾಲು ಪಾಶ್ಚಾತ್ಯ ದೇಶಗಳವರು. ‘ನೀರು ಕಾಣುತ್ತಿದೆಯೇ?’ ಎಂಬ ಪ್ರಶ್ನೆಗೆ ಅವರು ಹೌದೆಂದರೆ ಸಾಮಾನ್ಯವಾಗಿ ಅದು ಸುಖದ ಕಡೆಗಿನ ಉತ್ತರ. ಇಲ್ಲಿ 1964ರಲ್ಲಿ ಶರಾವತಿಯ ಲಿಂಗನಮಕ್ಕಿ ಕಟ್ಟೆ ಮುಗಿದಾಗ ಗದ್ದೆ, ತೋಟ, ಮನೆ ಮುಳುಗಿದವರ ಮಕ್ಕಳು ಮೊಮ್ಮಕ್ಕಳು ಅದೇ ಹಿನ್ನೀರಿನ ದಡದಲ್ಲಿದ್ದಾರೆ. ಬೇಸಿಗೆಯಲ್ಲಿ ನೀರಿಳಿದರೆ, ಆಗ ಮುಳುಗಿದ ಹಿರೇಭಾಸ್ಕರದ ಹಳೆಯ ಅಣೆಕಟ್ಟು ಮೇಲೇಳುತ್ತದೆ. ಅದನ್ನು ಕಂಡ ದಿನ ಅವರ ಮನಸ್ಸು ಹೇಗಿರುತ್ತದೆ ಎಂಬುದನ್ನು ಲಂಡನ್ನಿನ ಅಂಕಿಗಳಿಂದ ತಿಳಿಯಲಾಗದು, ಇಲ್ಲಿಯವರನ್ನೇ ಕೇಳಬೇಕು. ಸಾಗರ, ಹೊಸನಗರದ ಕಾಲೇಜುಗಳು ಸರಳ ಕನ್ನಡದಲ್ಲಿ ಹತ್ತು ಪ್ರಶ್ನೆ ಬರೆದು, ನೆಟ್‌ವರ್ಕ್ ಸಿಗದ ಮನೆಗಳಿಗೆ ಕಾಗದದಲ್ಲೇ ಹಂಚಿ ಇದನ್ನು ಶುರು ಮಾಡಬಹುದು. ಮಳೆಗಾಲದಲ್ಲಿ ಒಂದು ಸಲ, ಅಡಿಕೆ ಕೊಯ್ಲಿನಲ್ಲಿ ಒಂದು ಸಲ, ನೀರಿಳಿದ ಬೇಸಿಗೆಯಲ್ಲಿ ಇನ್ನೊಂದು ಸಲ ಕೇಳಬೇಕು.