ಸೇಂಟ್ ಮೇರಿಸ್ ದ್ವೀಪಗಳು

ಸೇಂಟ್ ಮೇರಿಸ್ ದ್ವೀಪಗಳು ಕರ್ನಾಟಕದ ಉಡುಪಿ ಜಿಲ್ಲೆಯ ಮಲ್ಪೆಯ ಸಮೀಪ, ಅರಬ್ಬೀ ಸಮುದ್ರದಲ್ಲಿರುವ ನಾಲ್ಕು ಪುಟ್ಟ ದ್ವೀಪಗಳ ಸಮೂಹ. ಇವಕ್ಕೆ ತೋನ್ಸೆಪಾರ್ ಎಂಬ ಸ್ಥಳೀಯ ಹೆಸರೂ ಇದೆ. ತೋನ್ಸೆ ಎಂಬುದು ಮಲ್ಪೆಯ ಉತ್ತರಕ್ಕಿರುವ ಕರಾವಳಿ ಪ್ರದೇಶ. ಇಲ್ಲಿನ ಕಂಬದಾಕಾರದ ಶಿಲೆಗಳು ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕಗಳಲ್ಲಿ ಒಂದೆಂದು ಮಾನ್ಯವಾಗಿವೆ. ಬೆಂಗಳೂರಿನ ಲಾಲ್‌ಬಾಗ್ ಬಂಡೆಯೂ ಅದೇ ಪಟ್ಟಿಗೆ ಸೇರಿದೆ.

ಸ್ವರೂಪ

ತೆಂಗಿನ ದ್ವೀಪ, ಉತ್ತರ ದ್ವೀಪ, ದರಿಯಾ ಬಹದ್ದೂರ್‌ಗಡ ಮತ್ತು ದಕ್ಷಿಣ ದ್ವೀಪ ಎಂಬ ಈ ನಾಲ್ಕೂ ಕರಾವಳಿಗೆ ಸಮಾನಾಂತರವಾಗಿ, ಉತ್ತರ-ದಕ್ಷಿಣವಾಗಿ ಹಬ್ಬಿವೆ. ಇವುಗಳಲ್ಲಿ ಜನವಸತಿಯಿಲ್ಲ. ಪ್ರವಾಸಿಗರು ಸಾಮಾನ್ಯವಾಗಿ ನೋಡುವುದು ತೆಂಗಿನ ದ್ವೀಪವನ್ನು. ಅದರ ಉದ್ದ ಸುಮಾರು 500 ಮೀಟರ್, ಅಗಲ ಸುಮಾರು 100 ಮೀಟರ್. ದಡದಲ್ಲಿ ಕಪ್ಪೆಚಿಪ್ಪುಗಳು ರಾಶಿಯಾಗಿ ಬಿದ್ದಿರುತ್ತವೆ.

ಶಿಲೆಗಳ ಕಥೆ

ಈ ಕಂಬಗಳು ರಯೋಲೈಟ್ ಜಾತಿಯ ಲಾವಾಶಿಲೆಗಳು. ನೆಲದ ಮೇಲೆ ಹರಿದ ಲಾವಾ ತಣಿಯುವಾಗ ಕುಗ್ಗುತ್ತದೆ. ಬೇಸಿಗೆಯಲ್ಲಿ ಕೆರೆಯ ಕೆಸರು ಒಣಗಿ ಬಿರುಕು ಬಿಡುವಂತೆ ಅದರಲ್ಲಿಯೂ ಬಿರುಕುಗಳು ಮೂಡಿ, ಮೇಲ್ಮೈಯಿಂದ ಒಳಕ್ಕೆ ಇಳಿಯುತ್ತವೆ. ಹೀಗೆ ಐದು, ಆರು, ಏಳು ಮುಖಗಳ ಕಂಬಗಳು ಒಂದಕ್ಕೊಂದು ಒತ್ತಿಕೊಂಡು ನಿಲ್ಲುತ್ತವೆ. ಮನುಷ್ಯ ಕಡೆದು ನಿಲ್ಲಿಸಿದಂತೆ ತೋರಿದರೂ ಇದು ಸಂಪೂರ್ಣವಾಗಿ ನಿಸರ್ಗದ ಕೆಲಸ.

ಈ ಶಿಲೆಗಳ ವಯಸ್ಸು ಸುಮಾರು 8.5ರಿಂದ 9 ಕೋಟಿ ವರ್ಷ. ಭಾರತ ಮತ್ತು ಮಡಗಾಸ್ಕರ್ ಒಂದೇ ಭೂಭಾಗವಾಗಿದ್ದು, ಪರಸ್ಪರ ಬೇರ್ಪಟ್ಟ ಕಾಲವದು. ಮಡಗಾಸ್ಕರ್‌ನಲ್ಲಿಯೂ ಇದೇ ಕಾಲದ ಲಾವಾಶಿಲೆಗಳು ದೊರೆಯುತ್ತವೆ. ಆದ್ದರಿಂದ ಈ ದ್ವೀಪಗಳು ಆ ಅಗಲಿಕೆಗೆ ನಮ್ಮ ತೀರದಲ್ಲಿ ಉಳಿದಿರುವ ಸಾಕ್ಷಿ.

ರಾಮನಗರದ ಬೆಟ್ಟಗಳೊಡನೆ ಹೋಲಿಸಿದರೆ ಇದು ವಿದ್ಯಾರ್ಥಿಗಳಿಗೆ ಸುಲಭವಾಗಿ ತಿಳಿಯುತ್ತದೆ. ಊರಿನ ಹಳೆಯ ಹೆಸರಿನಿಂದ ಕ್ಲೋಸ್‌ಪೇಟೆ ಗ್ರಾನೈಟ್ ಎನಿಸಿಕೊಂಡ ಅಲ್ಲಿನ ಶಿಲೆ ಸುಮಾರು 250 ಕೋಟಿ ವರ್ಷ ಹಳೆಯದು. ಅದು ನೆಲದಾಳದಲ್ಲಿ ನಿಧಾನವಾಗಿ ತಣಿದುದರಿಂದ ಅದರ ಹರಳುಗಳು ದೊಡ್ಡವು, ಬರಿಗಣ್ಣಿಗೆ ಕಾಣುತ್ತವೆ. ಮಲ್ಪೆಯ ಶಿಲೆ ನೆಲದ ಮೇಲೆ ಬೇಗ ತಣಿದುದರಿಂದ ಅದರ ಕಣಗಳು ಬಹಳ ಸೂಕ್ಷ್ಮ. ಉತ್ತರ ಯುರೋಪಿನಲ್ಲಿ ಸ್ಕಾಟ್ಲೆಂಡಿನ ಸ್ಟಾಫಾ ದ್ವೀಪ ಹಾಗೂ ಉತ್ತರ ಐರ್ಲೆಂಡಿನ ಜೈಂಟ್ಸ್ ಕಾಸ್‌ವೇ ಇಂತಹವೇ ಕಂಬಗಳಿಗೆ ಪ್ರಸಿದ್ಧವಾಗಿವೆ. ಅಲ್ಲಿಯ ಶಿಲೆ ಬಸಾಲ್ಟ್.

ಹೆಸರಿನ ಹಿನ್ನೆಲೆ

ವಾಸ್ಕೋ ಡ ಗಾಮ ಭಾರತಕ್ಕೆ ಬರುವಾಗ ಇಲ್ಲಿ ಇಳಿದು, ಮೇರಿ ಮಾತೆಯ ಹೆಸರಿಟ್ಟನೆಂಬುದು ಪ್ರಚಲಿತ ನಂಬಿಕೆ. ಆತನ ಮೊದಲ ಯಾನದ ದಿನಚರಿಯಲ್ಲಿ ಇರುವುದು ಸ್ವಲ್ಪ ಭಿನ್ನ: ಕಲ್ಲಿಕೋಟೆಯಿಂದ ಹೊರಟ ಮೇಲೆ, 1498ರ ಸೆಪ್ಟೆಂಬರಿನಲ್ಲಿ, ತೀರದ ಬಳಿಯ ದ್ವೀಪವೊಂದರಲ್ಲಿ ಕಲ್ಲಿನ ಸ್ತಂಭವನ್ನು ನೆಟ್ಟು ಅದಕ್ಕೆ ಸಾಂತಾ ಮರಿಯಾ ಎಂದು ಹೆಸರಿಟ್ಟರೆಂದು ಅಲ್ಲಿ ಬರೆದಿದೆ. ಅಲ್ಲಿಂದ ಅವರು ಕಾರವಾರದ ಸಮೀಪದ ಅಂಜದೀವ್ ದ್ವೀಪಕ್ಕೆ ತೆರಳಿದರು.

ಸಂದರ್ಶನ

ಉಡುಪಿಯಿಂದ ಮಲ್ಪೆ ಸುಮಾರು 6 ಕಿ.ಮೀ. ದೂರದಲ್ಲಿದೆ. ದ್ವೀಪಕ್ಕೆ ಮಲ್ಪೆಯಿಂದ ದೋಣಿಗಳು ಹೋಗುತ್ತವೆ. ಮಳೆಗಾಲದಲ್ಲಿ ಕಡಲು ಪ್ರಕ್ಷುಬ್ಧವಾಗಿರುವುದರಿಂದ ದೋಣಿಯಾನ ಸ್ಥಗಿತಗೊಳ್ಳುತ್ತದೆ. ಡಿಸೆಂಬರಿನಿಂದ ಫೆಬ್ರವರಿಯವರೆಗಿನ ಕಾಲ ಹಿತಕರ. ಬಿಸಿಲಿಗೆ ಟೊಪ್ಪಿಯನ್ನೂ ಕುಡಿಯುವ ನೀರನ್ನೂ ಜೊತೆಗೆ ಒಯ್ಯುವುದು ಒಳಿತು.

ಅಲೆ ಬಡಿಯುವ ಬಂಡೆಗಳು ಜಾರುತ್ತವೆ. ಅವುಗಳ ನಡುವೆ ನೀರು ಹಠಾತ್ತನೆ ಆಳವಾಗುತ್ತದೆ. ಇಲ್ಲಿ ಪ್ರವಾಸಿಗರು ನೀರುಪಾಲಾದ ಘಟನೆಗಳು ನಡೆದಿವೆ. ಒಳನಾಡಿನಲ್ಲಿ ಕೆರೆ, ಬಾವಿಗಳಲ್ಲಿ ಈಜು ಕಲಿತವರು ಆ ಧೈರ್ಯದ ಮೇಲೆ ಕಡಲಿಗೆ ಇಳಿಯಬಾರದು. ಜೀವರಕ್ಷಕರ ಸೂಚನೆಯನ್ನು ಪಾಲಿಸಬೇಕು.

ಸಂರಕ್ಷಣೆ

ದ್ವೀಪಕ್ಕೆ ಒಯ್ದ ಪ್ಲಾಸ್ಟಿಕ್ಕನ್ನು ಮರಳಿ ತರದಿದ್ದರೆ ಅದು ಸೇರುವುದು ಕಡಲನ್ನೇ. ಕಂಬಗಳ ಮೇಲೆ ಹೆಸರು ಕೆತ್ತುವುದು, ಕಲ್ಲಿನ ಚೂರುಗಳನ್ನು ಒಡೆದು ತರುವುದು ಸ್ಮಾರಕಕ್ಕೆ ಮಾಡುವ ಹಾನಿ. ಕಡಿದ ಮರದ ಜಾಗದಲ್ಲಿ ಸಸಿ ನೆಡಬಹುದು. ಒಡೆದ ಶಿಲೆ ಮತ್ತೆ ಹುಟ್ಟುವುದಿಲ್ಲ. ಕೋಟ್ಯಂತರ ವರ್ಷಗಳ ಅಲೆಗಳನ್ನು ತಾಳಿಕೊಂಡ ಈ ಕಂಬಗಳ ಉಳಿವು ಇಂದು ನೋಡಲು ಬರುವವರ ವಿವೇಕವನ್ನೂ ಅವಲಂಬಿಸಿದೆ.