ಚಿತೆಯ ಹೊಗೆ ತಗ್ಗಿಸೋದು ಹೇಗೆ?

ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡ. ಈ ಕಡೆ ಎಷ್ಟೋ ಮನೆತನಗಳಲ್ಲಿ ಮಣ್ಣು ಮಾಡೋದೇ ರೂಢಿ. ಸುಡುವ ಪದ್ಧತಿ ಇರುವವರಿಗೆ ಸೌದೆಯ ಚಿತೆ.

ಬಯಲಲ್ಲಿ ಒಂದು ಚಿತೆಗೆ ಸುಮಾರು 400ರಿಂದ 500 ಕಿಲೋ ಸೌದೆ ಬೇಕು.

ಮಳೆಗಾಲದ ಚಿತೆ ನೋಡಿ. ಸೌದೆ ಹಸಿ, ಬೆಂಕಿ ಹತ್ತಲ್ಲ. ಯಾರೋ ಹಳೇ ಟೈರ್ ಎಸೀತಾರೆ. ಬಿಳಿ ಹೊಗೆ ಕಪ್ಪಾಗುತ್ತೆ, ಹೆಗಲು ಕೊಟ್ಟವರೇ ಕೆಮ್ಮುತ್ತಾ ಹಿಂದೆ ಸರೀತಾರೆ. ಆ ಹೊಗೆಯಲ್ಲಿ ಕಾರ್ಬನ್ ಮಾನಾಕ್ಸೈಡ್ ಇದೆ, ಶ್ವಾಸಕೋಶದ ಆಳಕ್ಕೆ ಇಳಿಯುವ ಸೂಕ್ಷ್ಮ ಕಣಗಳಿವೆ. ಸಾವಿನ ಮನೆಯವರು ಒಂದು ದಿನ ಕುಡಿಯುವ ಹೊಗೆಯನ್ನ ಸ್ಮಶಾನದ ಕೆಲಸಗಾರರು ಜೀವನವಿಡೀ ಕುಡೀತಾರೆ.

ಹಾಗಾದರೆ ದಾರಿ?

ಒಂದು, ಸುಧಾರಿತ ಚಿತೆ. ದೆಹಲಿಯ ಮೋಕ್ಷದಾ ಸಂಸ್ಥೆ 1992ರಿಂದ ಇದೇ ಕೆಲಸದಲ್ಲಿದೆ. ಕಬ್ಬಿಣದ ಜಾಲರಿ, ಮೇಲೆ ಚಿಮಣಿ. ಕೆಳಗಿಂದ ಗಾಳಿ ಆಡೋದರಿಂದ ಬೆಂಕಿ ಚೆನ್ನಾಗಿ ಉರಿಯುತ್ತೆ. 150ರಿಂದ 200 ಕಿಲೋ ಸೌದೆ ಸಾಕು. ಅಗ್ನಿಸ್ಪರ್ಶ, ವಿಧಿ ಎಲ್ಲಾ ಹಾಗೇ ಇರುತ್ತೆ.

ಎರಡು, ವಿದ್ಯುತ್ ಚಿತಾಗಾರ. ಬೆಂಗಳೂರಿನ ವಿಲ್ಸನ್ ಗಾರ್ಡನ್, ಹೆಬ್ಬಾಳ, ಬನಶಂಕರಿಯಲ್ಲಿವೆ. ಒಳ್ಳೆಯ ವ್ಯವಸ್ಥೆಯಲ್ಲಿ ಹೊಗೆಯನ್ನ ಇನ್ನೊಂದು ಕೋಣೆಯಲ್ಲಿ ಮತ್ತೆ ಸುಟ್ಟು, ನೀರಿನಲ್ಲಿ ತೊಳೆದು, ಎತ್ತರದ ಚಿಮಣಿಯಿಂದ ಬಿಡ್ತಾರೆ.

ನಮ್ಮ ಪಾವಗಡದಲ್ಲೇ 2,050 ಮೆಗಾವಾಟ್ ಸೋಲಾರ್ ಪಾರ್ಕ್ ಇದೆ. ಬಿಸಿಲಿಂದ ನಾಡಿಗೇ ಕರೆಂಟ್ ಕೊಡುವ ಸೀಮೆಗೆ ಹೊಗೆ ಕಡಿಮೆಯಾದ ಸ್ಮಶಾನವೂ ಸಿಗಬೇಕು.

ಅಲ್ಲೀವರೆಗೂ ನಾವೇ ಮಾಡಬಹುದಾದದ್ದು ಇಷ್ಟು: ಒಣ ಸೌದೆ ಬಳಸಿ. ಟೈರ್, ಪ್ಲಾಸ್ಟಿಕ್ ಚಿತೆಗೆ ಹಾಕಬೇಡಿ. ಗ್ರಾಮಸಭೆಯಲ್ಲಿ ಜಾಲರಿ, ಚಿಮಣಿ ಇರುವ ಚಿತಾಗಾರ ಕೇಳಿ. ಹೋದವರಿಗೆ ಗೌರವ, ಇರುವವರಿಗೆ ಒಳ್ಳೆ ಗಾಳಿ, ಎರಡೂ ನಮ್ಮ ಹೊಣೆ.